ಹಾಯಿಲ್‌ನ ಮಣ್ಣಿನ ಮನೆಯನ್ನು ಬೆಚ್ಚಗಿಡುವ ಕಲಂದರ್

ನಸುಕಿನ ಸುಬುಹಿ ನಮಾಝ್ ಮುಗಿಸಿ ಬಂದ ಕಲಂದರ್, ಅಂಗಳದ ಕಟ್ಟಿಗೆ ರಾಶಿಯಿಂದ ಎರಡು ಸೀಳು ಎಳೆದು ಒಂದಕ್ಕೊಂದು ಬಡಿಯುತ್ತಾರೆ. 'ಟಣ್' ಎನ್ನುತ್ತದೆ. ಮುಖ ಅರಳುತ್ತದೆ. ಇನ್ನೆರಡು ಎಳೆದು ಬಡಿಯುತ್ತಾರೆ. ಈ ಸಲ 'ದಬ್' ಎನ್ನುತ್ತದೆ. ಅವೆರಡನ್ನೂ ಬದಿಗೆ ಸರಿಸುತ್ತಾರೆ. ಬಾಗಿಲ ಬಳಿಯ ಬಕೆಟ್ಟಿನ ನೀರು ತೆಳ್ಳಗೆ ಹೆಪ್ಪುಗಟ್ಟಿದೆ. ಕುರಿಚರ್ಮದ ಒಳಪದರವಿರುವ ಹಳೆಯ ಫರ್ವಾ ಕೋಟಿನೊಳಗೆ ಕಲಂದರ್ ಅವರ ಮೂಗು ಮಾತ್ರ ಕಾಣುತ್ತಿದೆ.

"ದಬ್ ಅಂದ್ರೆ ಹೊಟ್ಟೆಯಲ್ಲಿ ಇನ್ನೂ ನೀರುಂಟು ಅಂತ ಲೆಕ್ಕ. ಅದನ್ನು ಇವತ್ತು ಒಲೆಗೆ ಹಾಕಿದ್ರೆ ನನ್ನ ಕತೆ ಮುಗೀತು ಮಾರಾಯ್ರೆ" ಎಂದು ನಗುತ್ತಾರೆ. ನಗುವಿನೊಳಗೆ ಸ್ವಲ್ಪ ಹೆದರಿಕೆಯೂ ಇದೆ.

ಸೌದಿ ಎಂದರೆ ಕಾದ ಹಂಚು ಎಂದೇ ನಮ್ಮ ಊರಿನವರ ನಂಬಿಕೆ. ಪಾಣೆಮಂಗಳೂರಿನ ಕಲಂದರ್ ಕೂಡ ಎರಡು ತೆಳು ಅಂಗಿ ಕಟ್ಟಿಕೊಂಡು ವಿಮಾನ ಹತ್ತಿದವರೇ. ಬಂದು ಇಳಿದದ್ದು ಉತ್ತರದ ಹಾಯಿಲ್‌ಗೆ. ಇಲ್ಲಿ ಚಳಿಗಾಲದಲ್ಲಿ ಅಜಾ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ತುಟಿ, ಹಿಮ್ಮಡಿ ಎರಡೂ ಒಡೆಯುತ್ತವೆ. ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅಂದರೆ ಕಫೀಲ್, ಸಾಲಿಹ್ ಅವರ ತಾಯಿ ಉಮ್ಮು ಸಾಲಿಹ್ ಇರುವ ಹಳೆಯ ಮಣ್ಣಿನ ಮನೆಯನ್ನು ನೋಡಿಕೊಳ್ಳುವುದು, ಬೇಸಿಗೆಯಲ್ಲಿ ಕಟ್ಟಿಗೆ ಒಣಗಿಸುವುದು, ಚಳಿಗೆ ಮೊದಲು ಗೋಡೆ ಬಾಗಿಲು ಭದ್ರಪಡಿಸುವುದು ಅವರ ಕೆಲಸ. ಮರಳುಗಾಡಿಗೆ ಹೋಗಿ ಬೆಂಕಿ ಕಾಯಿಸುವ ಕೆಲಸ ಹಿಡಿದನಂತೆ ಎಂದು ಊರಿನಲ್ಲಿ ನಕ್ಕವರು ಈಗಲೂ ನಗುತ್ತಿದ್ದಾರೆ.

ಈ ಸಾವಿರದ ಒಂಬೈನೂರ ಎಂಬತ್ತಾರರ ಚಳಿಗಾಲ ಮಾತ್ರ ನಗುವ ಹೊತ್ತಲ್ಲ. ಕಳೆದ ವರ್ಷ ಉಮ್ಮು ಸಾಲಿಹ್ ಕೆಮ್ಮಿ ಕೆಮ್ಮಿ ಆಸ್ಪತ್ರೆ ಸೇರಿದ್ದರು. ಮಗ ಆಗಲೇ ಹೇಳಿಬಿಟ್ಟಿದ್ದಾರೆ: ಇನ್ನೊಂದು ಸಲ ಚಳಿಯಿಂದಲೋ ಹೊಗೆಯಿಂದಲೋ ತಾಯಿ ಕೆಮ್ಮಿದರೆ ಈ ಮನೆಗೆ ಬೀಗ, ತಾಯಿ ಊರಾಚೆಯ ಹೊಸ ಸಿಮೆಂಟು ಮನೆಗೆ. ಅಲ್ಲಿ ಕರೆಂಟಿನ ಹೀಟರ್ ಉಂಟು; ಆದರೆ ಬೆಳಿಗ್ಗೆ ಕಾಫಿಗೆಂದು ಬಾಗಿಲು ತಟ್ಟುವ ನೆರೆಯ ಮುದುಕಿಯರಿಲ್ಲ. ಮದುಮಗಳಾಗಿ ಬಂದ ದಿನದಿಂದ ಊದಿದ ಒಲೆಯನ್ನು ಬಿಟ್ಟು ಹೋಗುವುದೆಂದರೆ ಆ ತಾಯಿಗೆ ಜೀವ ಹೋದಂತೆ. ಇಂದು ಮೊದಲ ಕಡುಚಳಿ. ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಸಾಲಿಹ್ ತಾವೇ ಬಂದು ಒಲೆಯ ಮುಂದೆ ಕೂತು ನೋಡುತ್ತಾರಂತೆ.

ಕಲಂದರ್ ಅವರಿಗೆ ಕೆಲಸ ಹೋಗುವ ಭಯವಿಲ್ಲ. ಖರ್ಜೂರದ ತೋಟಕ್ಕೆ ಹಾಕುತ್ತೇನೆಂದು ಕಫೀಲ್ ಮಾತು ಕೊಟ್ಟಿದ್ದಾರೆ. "ಅದಲ್ಲ. ನನ್ನ ಕೈಯಿಂದ ಉಮ್ಮನ ಒಲೆ ಆರಿತು ಅಂತ ಆಗ್ಬಾರ್ದು. ಅವರು ನನ್ನನ್ನು ಎಷ್ಟು ತಾಳಿಕೊಂಡಿದ್ದಾರೆ ಅಂತ ನಿಮಗೆ ಗೊತ್ತಿಲ್ಲ."

ತಾಳಿಕೊಂಡದ್ದು ನಿಜ. ಊರಿನಲ್ಲಿ ಹಂಚಿನ ಕಾರ್ಖಾನೆಗೆ ದೋಣಿಯಿಂದ ಸೌದೆ ಇಳಿಸುತ್ತಿದ್ದ ಕಲಂದರ್, ಇಲ್ಲಿಗೆ ಬಂದ ವರ್ಷ "ಮೀನಿಗೆ ಈಜು ಕಲಿಸ್ತೀರಾ?" ಎಂಬ ಗತ್ತಿನಲ್ಲಿದ್ದರು. ತೋಟದ ಬೇಲಿಯಲ್ಲಿ ಕಡಿದ ಹಸಿ ಅತ್ಲ್ ಮರದ ಕೊರಡುಗಳನ್ನು ತಂದು, ಸೀಳದೆ ನೆಲದ ಮೇಲೆ ಒತ್ತೊತ್ತಾಗಿ ಪೇರಿಸಿ, ಸುತ್ತ ಟರ್ಪಾಲು ಬಿಗಿದು ಹಗ್ಗ ಕಟ್ಟಿದರು. ಮಳೆಗಾಲಕ್ಕೆ ಮುಂಚೆ ಕರಾವಳಿಯ ಮನೆಮನೆಯಲ್ಲೂ ಮಾಡುವ ಕೆಲಸವೇ ಅದು. ಮಳೆಯೇ ಬಾರದ ಊರಿನಲ್ಲಿ ಮಳೆಗೆ ಹೆದರಿ ಕಟ್ಟಿಗೆ ಮುಚ್ಚಿದ ಮನುಷ್ಯ ಹಾಯಿಲ್‌ನ ಚರಿತ್ರೆಯಲ್ಲಿ ಇವರೊಬ್ಬರೇ ಇರಬೇಕು. ಚಳಿಗೆ ಬಿಚ್ಚಿದರೆ ಟರ್ಪಾಲಿನ ಒಳಮೈ ಬೆವರಿತ್ತು, ಕೊರಡುಗಳಿಗೆ ಬೂಷ್ಟು ಹಿಡಿದಿತ್ತು. ಒಲೆ ಹೊತ್ತಿಸಿದ ದಿನ ಬಂದ ನೆಂಟರೆಲ್ಲ ಕಣ್ಣುಜ್ಜುತ್ತಾ ಬೀದಿಗೆ ಓಡಿದರು. ಕಲಂದರ್ ಇಂಗು ತಿಂದ ಮಂಗನಂತೆ ನಿಂತಿದ್ದರು.

"ಇವತ್ತೇ ಇಲ್ಲಿರುವ ಪರವಾನಗಿ, ಇಕಾಮಾ, ರದ್ದು ಮಾಡಿ ಊರಿಗೆ ಕಳಿಸ್ತಾರೆ ಅಂತ ಪೆಟ್ಟಿಗೆ ಕಟ್ಟಿದ್ದೆ. ಉಮ್ಮ ಕರೆದ್ರು. ಹೋದ್ರೆ, ಒಂದು ಕೈಯಲ್ಲಿ ಕೆಮ್ಮು ತಡೀತಾ ಇನ್ನೊಂದು ಕೈಯಲ್ಲಿ ಈ ಫರ್ವಾ ಕೊಟ್ರು. ತೀರಿಹೋದ ಅವರ ಯಜಮಾನರದ್ದು. 'ನೀನು ನಡುಗ್ತಾ ಇದ್ದೀಯ, ಮೊದಲು ಇದನ್ನು ಹಾಕ್ಕೊ. ನಾಳೆ ಕಟ್ಟಿಗೆ ವಿಷಯ ಹೇಳ್ತೇನೆ' ಅಂದ್ರು" ಎನ್ನುವಾಗ ಕಲಂದರ್ ಕೋಟಿನ ಅಂಚನ್ನು ಸವರುತ್ತಾರೆ.

ಮರುದಿನ ಆ ತಾಯಿ ಅಂಗಳದಲ್ಲಿ ಕೋಲು ಊರಿ ಕೂತು ಕಲಿಸಿದರು. ಹಸಿಯಿರುವಾಗಲೇ ಸೀಳು. ರಾಶಿಯ ಅಡಿಯಲ್ಲಿ ಕಲ್ಲು ಕೊಡು. ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಡು. "ಯಾರಿಂದ ಮುಚ್ಚಿಡ್ತಿ? ಗಾಳಿ ಪುಕ್ಕಟೆ ಸಿಗ್ತದೆ, ಕಟ್ಟಿಗೆಗೆ ಕುಡಿಸು" ಎಂದರಂತೆ. ಬೆಕ್ಕಿನ ಮರಿ ನುಸುಳುವಷ್ಟು ಸಂದು ಬಿಡಬೇಕು ಎಂಬುದು ಅವರ ಅಳತೆ. ಅಂದಿನಿಂದ ಕಲಂದರ್ ಅವರ ಕಟ್ಟಿಗೆ ಎರಡು ಬೇಸಿಗೆಯ ಬಿಸಿಲು ಕಾಣದೆ ಒಲೆ ಕಾಣುವುದಿಲ್ಲ.

ಅಷ್ಟಾದರೂ ಕರಾವಳಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಕಳೆದ ವರ್ಷ ಮನೆಯನ್ನು ಚಳಿಗೆ ಭದ್ರಪಡಿಸು ಎಂದು ಸಾಲಿಹ್ ಹೇಳಿದ್ದೇ ತಡ, ಏಣಿ ಇಟ್ಟು ಮಾಡಿನ ಮೇಲೆ ಹತ್ತಿದರು. ಖರ್ಜೂರದ ತೊಲೆಗಳ ಮೇಲೆ ಹುಲ್ಲು ಕಲಸಿದ ಮಣ್ಣನ್ನು ಪದರ ಪದರವಾಗಿ ಬಳಿದರು. ಚಳಿ ಮಾತ್ರ ಹೊಸ್ತಿಲ ಕೆಳಗಿನಿಂದ ಆರಾಮವಾಗಿ ಒಳಗೆ ಬಂದು ಉಮ್ಮನ ಹಾಸಿಗೆಯಲ್ಲಿ ಮಲಗಿತು. "ನಮಗೆ ಎಂತ ಬಂದ್ರೂ ಮೇಲಿನಿಂದ ಬರ್ತದೆ ಅಂತಲೇ ಅಭ್ಯಾಸ. ಚಳಿ ಹಾಗಲ್ಲ, ಕಳ್ಳನ ಹಾಗೆ ತೆವಳಿಕೊಂಡು ಬರ್ತದೆ" ಎನ್ನುತ್ತಾರೆ.

ಈ ವರ್ಷ ಅವರು ಮಾಡು ಬಿಟ್ಟು ನೆಲ ಹಿಡಿದಿದ್ದಾರೆ. ಮುಂಜಾನೆ ಮೊಣಕಾಲೂರಿ, ಗೋಡೆಯುದ್ದಕ್ಕೂ ಒದ್ದೆ ಕೈ ಹಿಡಿದು ಹೋಗುತ್ತಾರೆ. ಗಾಳಿ ಸುಳಿದ ಕಡೆ ಕೈಗೆ ತಣ್ಣಗೆ ಗೊತ್ತಾಗುತ್ತದೆ. ಅಲ್ಲಿಗೆ ಮಣ್ಣು ಮೆತ್ತುತ್ತಾರೆ. ಗೋಡೆಯ ಮೇಲಿನ ತ್ರಿಕೋನ ಕಿಂಡಿಗಳಿಗೆ ಆಡಿನ ಕೂದಲು ತುಂಬಿದ ಗೋಣಿ. ಹೊಸ್ತಿಲಿಗೆ ಮರಳು ತುಂಬಿದ ಉದ್ದನೆಯ ಚೀಲ. ಬಾಗಿಲ ಒಳಗೆ ದಪ್ಪ ಕಂಬಳಿಯ ಪರದೆ. ಒಲೆಯ ನೇರ ಮೇಲಿನ ಮಾಡಿನ ಕಿಂಡಿಯೊಂದನ್ನು ಮಾತ್ರ ಅವರು ಮುಚ್ಚುವುದಿಲ್ಲ. ಹೊಗೆಗೆ ದಾರಿ ಬಿಡದವನು ಮನೆಯವರನ್ನೇ ಕೊಲ್ಲುತ್ತಾನೆ ಎಂಬ ಉಮ್ಮನ ಮಾತು ಅವರಿಗೆ ಬಾಯಿಪಾಠ.

ಪೇಟೆಯಲ್ಲಿ ತಿಂಡಿಯಂಗಡಿ ಇಟ್ಟಿರುವ ಉಳ್ಳಾಲದ ಅಬ್ದುಲ್ ಸಮದ್ ಬಿಸಿ ಚಹಾ ಹಿಡಿದು ಬರುತ್ತಾರೆ. "ಎಂತ ಮಾರಾಯ, ಮಣ್ಣು ಮೆತ್ತಿ ಮೆತ್ತಿ ನೀನೇ ಗೋಡೆ ಆಗಿದ್ದಿ!" ಎಂದು ಕಿಚಾಯಿಸುತ್ತಾರೆ. ಕಲಂದರ್ ಚಳಿಗೆ ಒಡೆದ ಬೆರಳುಗಳಿಂದ ಲೋಟ ಹಿಡಿದು, "ಇವತ್ತೊಂದು ದಿನ ದುವಾ ಮಾಡು" ಎನ್ನುತ್ತಾರೆ.

ಅಸರ್ ಮುಗಿಯುತ್ತದೆ. ಸಾಲಿಹ್ ಬರುತ್ತಾರೆ. ಗಾಳಿ ಹೊರಗೆ ಬಾಗಿಲನ್ನು ಗುದ್ದುತ್ತಿದೆ. ಕಲಂದರ್ 'ಟಣ್' ಎಂದ ಸೀಳುಗಳನ್ನೇ ಒಲೆಗಿಟ್ಟು ಹೊತ್ತಿಸುತ್ತಾರೆ. ಹೊಗೆ ಒಂದೆಳೆ ಎದ್ದು, ತಡವರಿಸಿ, ಮಾಡಿನ ಕಿಂಡಿಯತ್ತ ಹೋಗುತ್ತದೆ. ಉಮ್ಮು ಸಾಲಿಹ್ ಕಾಫಿಗೆ ಏಲಕ್ಕಿ ಹಾಕುತ್ತಾರೆ. ಮಗ ತಾಯಿಯ ಉಸಿರನ್ನೇ ಕೇಳುತ್ತಾ ಕೂತಿದ್ದಾರೆ. ಬಾಗಿಲಲ್ಲಿ ನಿಂತ ಕಲಂದರ್ ಕೂಡ ಅದನ್ನೇ ಕೇಳುತ್ತಿದ್ದಾರೆ. ಕೆಮ್ಮು ಬರುವುದಿಲ್ಲ. ಎರಡನೆಯ ಫಿಂಜಾನ್ ಕಾಫಿಯ ಹೊತ್ತಿಗೆ ಸಾಲಿಹ್ ತಮ್ಮ ಫರ್ವಾ ಕಳಚಿ ಪಕ್ಕಕ್ಕಿಟ್ಟು ಒರಗಿಕೊಳ್ಳುತ್ತಾರೆ. ಬೀಗದ ಮಾತು ಅವರು ಮತ್ತೆ ಎತ್ತುವುದೇ ಇಲ್ಲ.

"ಕಲಂದರ್, ನಿನಗೆ ಏನು ಬೇಕು ಕೇಳು" ಎನ್ನುತ್ತಾರೆ ಉಮ್ಮು ಸಾಲಿಹ್.

ಕಲಂದರ್ ಕೇಳುವುದು ರಜೆ. ಅದೂ ಈ ಸಲ ಮಳೆಗೆ ಮೊದಲು. ಪಾಣೆಮಂಗಳೂರಿನ ಮನೆಯಲ್ಲಿ ಹೆಂಡತಿ ಆಸ್ಯಮ್ಮ ಪ್ರತಿ ಮಳೆಗಾಲ ಒದ್ದೆ ಸೌದೆ ಊದುತ್ತಾ ಕೆಮ್ಮುತ್ತಾರೆ. ಆ ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಕಿಂಡಿಯಿಲ್ಲ. ಆ ಮಾಡು ಕಟ್ಟಿಸಿದವರು ಕಲಂದರ್ ಅವರೇ.

"ಅವಳ ಕೆಮ್ಮು ನನಗೆ ಮಳೆಯ ಶಬ್ದದ ಹಾಗೆ, ಅಭ್ಯಾಸ ಆಗಿ ಹೋಗಿತ್ತು. ಕೆಮ್ಮನ್ನು ಕೇಳುವುದು ಹೇಗೆ ಅಂತ ಇಲ್ಲಿ ಈ ಉಮ್ಮ ಕಲಿಸಿದ್ರು" ಎನ್ನುತ್ತಾ ಕಲಂದರ್ ಒಲೆಗೆ ಇನ್ನೊಂದು ಸೀಳು ಸರಿಸುತ್ತಾರೆ. "ಸೌದೆಗೆ ಮೇಲೆ ಮಾತ್ರ ಮುಚ್ಚಿಗೆ, ಸುತ್ತ ಗಾಳಿ. ಒಲೆಯ ಮೇಲೆ ಎರಡು ಹಂಚು ತೆಗೆದು, ಮಳೆ ಬೀಳದ ಹಾಗೆ ಮರೆ ಕಟ್ಟಿ ಒಂದು ಕಿಂಡಿ. ಅಷ್ಟು ಮಾಡಿ, ಈ ಮಳೆಗಾಲ ಆಸ್ಯಮ್ಮ ಊದದೆ ಒಲೆ ಹೊತ್ತುವುದನ್ನು ಬಾಗಿಲಲ್ಲಿ ನಿಂತು ನೋಡ್ಬೇಕು."