ಬೆಟ್ಟ ಬಲಗಡೆಗಿರಲಿ ಎಂದ ಗೈಡು

ಮಂಡಿನೋವಿಗೆಂದು ಕಳೆದ ವಾರ ಹೊಸ ಬಿಸಿನೀರಿನ ಚೀಲ ತರಿಸಿಕೊಂಡೆ. ಕವರ್ ಬಿಚ್ಚಿದ ಕೂಡಲೇ ಹಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಅರಸೀಕೆರೆಯಲ್ಲಿ ಕೊಬ್ಬರಿಯ ವಾಸನೆ ಇದೆ, ನೆನೆಹಾಕಿದ ತೆಂಗಿನ ಸಿಪ್ಪೆಯದಿದೆ, ರಬ್ಬರಿನದಿಲ್ಲ. ಅದನ್ನು ನಾನು ಬದುಕಿನಲ್ಲಿ ಒಂದೇ ಒಂದು ದಿನ, ಹೋಗಲೇಬೇಕಿಲ್ಲದ ಒಂದು ರಸ್ತೆಯಲ್ಲಿ, ಮೈಯೆಲ್ಲ ಸಿಟ್ಟಾಗಿ ಕೂತು ಕುಡಿದಿದ್ದೆ. ರಸ್ತೆಯ ಬದಿಯ ಹಗ್ಗಗಳ ಮೇಲೆ ಒಗೆದ ಬಟ್ಟೆಯ ಹಾಗೆ ರಬ್ಬರ್ ಶೀಟುಗಳು ಒಣಗುತ್ತಿದ್ದವು. ಜೀಪಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಬೆತ್ತ ಇಟ್ಟುಕೊಂಡು ಆತ ಕೂತಿದ್ದ… ಹಳೇಬೀಡಿನ ಗೈಡು.

ತೊಂಬತ್ತರ ದಶಕದ ಕೊನೆಯ ಮಾತು. ಮೂವತ್ತು ವರ್ಷ ಕಾನ್ವೆಂಟಿನಲ್ಲಿ ಜಿಯಾಗ್ರಫಿ ಪಾಠ ಹೇಳಿ ನಾನು ಆಗಷ್ಟೇ ರಿಟೈರ್ ಆಗಿದ್ದೆ. ಪ್ರತಿ ಜೂನ್‌ನಲ್ಲೂ ಬೋರ್ಡಿನ ಎಡಭಾಗದಲ್ಲಿ ಕಂದು ಚಾಕ್‌ಪೀಸಿನಿಂದ ಗರಗಸದ ಹಲ್ಲಿನಂಥ ಗೆರೆ ಎಳೆದು, ನಡುವೆ ಒಂದು ಹಲ್ಲನ್ನು ದಪ್ಪ ಮಾಡಿ ‘ಕುದುರೆಮುಖ’ ಎಂದು ಬರೆಯುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಮಿಸ್, ನೀವು ನೋಡಿದೀರಾ?” ಎಂದಾಗ “ಆಫ್ ಕೋರ್ಸ್!” ಎಂದುಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಮಾಲೇಕಲ್ಲಿನ ಮೆಟ್ಟಿಲು ಹತ್ತಿ ವೆಂಕಟರಮಣನಿಗೆ ಕೈಮುಗಿದದ್ದೇ ನನ್ನ ಪರ್ವತಾರೋಹಣ. ರಜೆ ಬಂದರೆ ಪೇಪರ್ ವ್ಯಾಲ್ಯುಯೇಷನ್, ಮನೆ, ಅತ್ತೆಯವರ ಕಾಯಿಲೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದುಕೊಂಡೇ ಮೂವತ್ತು ವರ್ಷ ಕಳೆಯಿತು.

ಬೆಟ್ಟ ಹೋಗಲಿಲ್ಲ, ಕಣ್ಣು ಹೊರಟಿತು. ಹಾಸನದ ಕಣ್ಣಿನ ಡಾಕ್ಟರು ಸುಳ್ಳು ಭರವಸೆ ಕೊಡುವ ಪೈಕಿಯವರಲ್ಲ. “ನೇರವಾಗಿ ನೋಡಿದ್ದು ಕರಗ್ತಾ ಹೋಗುತ್ತೆ ಮೇಡಂ, ಅಂಚು ಉಳಿಯುತ್ತೆ. ಒಂದು ಕಣ್ಣಲ್ಲಿ ಶುರುವಾಗಿದೆ. ಇನ್ನೊಂದಕ್ಕೆ ಆರು ತಿಂಗಳೋ ವರ್ಷವೋ… ನೋಡಬೇಕಾದ್ದು ಏನಾದರೂ ಇದ್ದರೆ ನೋಡಿಬಿಡಿ” ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ತೀರ್ಮಾನಿಸಿದ್ದೆ. ಮಾಗಿಯ ಒಂದು ತಿಳಿಯಾದ ಬೆಳಗ್ಗೆ, ಕಳಸದಾಚೆ ಸಂಸೆಯ ಹತ್ತಿರ ನಿಂತು, ಆ ಕುದುರೆಯ ಮುಖವನ್ನು ಒಂದು ಸಲ ನೋಡಿಬಿಡಬೇಕು. ಅಷ್ಟೇ. ಬೇರೇನೂ ಬೇಡ.

ಗೈಡು ನನಗೆ ಹಳಬ. ಪ್ರತಿವರ್ಷ ಎಕ್ಸ್‌ಕರ್ಷನ್ನಿಗೆ ಬೇಲೂರು ಹಳೇಬೀಡಿಗೆ ಹುಡುಗಿಯರನ್ನು ಕರೆದೊಯ್ದಾಗ ಆತನೇ ಬರುತ್ತಿದ್ದ. “ಕೈಂಡ್ಲಿ ಅಬ್ಸರ್ವ್” ಎಂದು ಬೆತ್ತ ಎತ್ತಿದನೆಂದರೆ ಗೋಡೆಯ ಆನೆ, ಸಿಂಹ, ಬಳ್ಳಿ, ಕುದುರೆ ಸಾಲಾಗಿ ನಾಲಿಗೆಯ ಮೇಲೆ ಬರುತ್ತಿದ್ದವು. ದೇವಸ್ಥಾನವನ್ನು ಬಲಕ್ಕಿಟ್ಟುಕೊಂಡು ನಡೆದರೆ ಮಾತ್ರ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಿರಲಿಲ್ಲ. ನಕ್ಕು, ಆ ಗೋಡೆಯ ಮೊದಲಿಗೆ ಹೋಗಿ ಮತ್ತೆ ಶುರು ಮಾಡುತ್ತಿದ್ದ. ಆಗ ನಮಗದು ತಮಾಷೆ.

“ಈಗ ನ್ಯಾಷನಲ್ ಪಾರ್ಕೂ ಮಾಡ್ತೀನಿ ಮೇಡಂ. ಪ್ರೈವೇಟ್ ಡೇ ಟೂರ್. ನಿಮ್ಮದೇ ಜೀಪು, ನಿಮ್ಮದೇ ಗೈಡು” ಎಂದಿದ್ದ. ನನ್ನ ಕಣ್ಣಿನ ವಿಷಯ ಹೇಳಿದೆ. “ಜವಾಬ್ದಾರಿ ನಂದು, ಬಿಡಿ” ಎಂದ.

ಡಿಸೆಂಬರಿನ ಒಂದು ಭಾನುವಾರ ಬೆಳಗಿನ ಐದಕ್ಕೆ ಹೊರಟೆವು. ನಾನು, ನನ್ನ ನಾದಿನಿ, ಒಂದು ಡಬ್ಬಿ ಅವರೆಕಾಳಿನ ಅಕ್ಕಿರೊಟ್ಟಿ. ಬಿಕ್ಕೋಡಿನವನ ಜೀಪು, ವಾರವೆಲ್ಲ ಕಾಫಿ ತೋಟಕ್ಕೆ ಆಳು ಸಾಗಿಸುವ ಗಾಡಿ. ಹಳೇಬೀಡಿನಲ್ಲಿ ಗೈಡು ಹತ್ತಿಕೊಂಡ. ಇಸ್ತ್ರಿಯ ಷರಟು, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಅದೇ ಬೆತ್ತ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ತಲುಪುವಾಗ ಮಂಜು ಎಷ್ಟಿತ್ತೆಂದರೆ ಜೀಪಿನ ಮೂತಿ ಕಾಣುತ್ತಿರಲಿಲ್ಲ. ಅಲ್ಲಿ ರಸ್ತೆ ಒಡೆಯುತ್ತದೆ. ಬಲಕ್ಕೆ ಹೊರಳಿದರೆ ಕಳಸ, ಸಂಸೆ, ಹತ್ತೂವರೆಗೆಲ್ಲ ಕುದುರೆಯ ಎದುರು. ಇನ್ನೊಂದು ಚಾರ್ಮಾಡಿ ಘಾಟಿ. ಬೋರ್ಡು ಓದಲು ಹೋದೆ. ಅಕ್ಷರವಿದ್ದ ಕಡೆ ಮಸಿ ಚೆಲ್ಲಿದಂಥ ಕಲೆ, ಅಷ್ಟೇ.

ಸ್ವಲ್ಪ ಹೊತ್ತಿಗೆ ಕಿವಿ ಗುಯ್ಗುಟ್ಟತೊಡಗಿತು. ಜಿಯಾಗ್ರಫಿ ಟೀಚರಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

“ರೀ, ನಾವು ಇಳೀತಿದೀವಲ್ಲ?”

“ಹೌದು ಮೇಡಂ. ಪ್ರದಕ್ಷಿಣೆ.”

“ವಾಟ್?”

“ಬೆಟ್ಟ ಬಲಗಡೀಗೆ ಇರ್ಬೇಕಲ್ವಾ ಮೇಡಂ. ಕಳಸದ ಕಡೀಂದ ಹೋದ್ರೆ ಎಡಕ್ಕೆ ಬೀಳ್ತೈತೆ. ಘಾಟಿ ಇಳ್ದು, ಹಿಂದುಗಡೆ ಬಳಸ್ಕೊಂಡು, ಪಾರ್ಕಿನ ಒಳಗಿಂದ ಹತ್ತಿ, ಮುಖದ ಮುಂದಕ್ಕೇ ಬತ್ತೀವಿ. ಮಧ್ಯಾಹ್ನ ಒಂದು ಗಂಟೆ ಒಳಗೆ.”

ಡ್ರೈವರು ಬಾಯಿಬಿಟ್ಟ. “ಏನ್ಲಾ, ಶಾರ್ಟ್ ರೋಡು ಬಿಟ್ಟು ಊರೆಲ್ಲ ಸುತ್ತಾಕುಸ್ತೀಯಲ್ಲಾ! ನಾನ್ ಆಗ್ಲೇ ಬಡ್ಕಂಡೆ.”

“ನೀನು ಸ್ಟೇರಿಂಗ್ ನೋಡ್ಲಾ. ಶಾಸ್ತ್ರ ನಂಗ್ ಬಿಡು.”

“ತಿರುಗಿಸಿ” ಎಂದೆ. ತಿರುಗಿಸುವುದು ಹೇಗೆ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಹಿಂದೆ ಸಾಲು ಲಾರಿ. ನಾದಿನಿ ಶಾಲು ಎಳೆದುಕೊಂಡು, “ಒಂದು ಬೆಟ್ಟ ಕೇಳಿದ್ರೆ ಮೂರು ಜಿಲ್ಲೆ ತೋರಿಸ್ತಿದಾರಲ್ಲ ಅತ್ತಿಗೆ, ಪುಣ್ಯಾತ್ಮರು!” ಎಂದಳು. ನನಗೆ ನಗು ಬರಲಿಲ್ಲ. ಘಾಟಿ ಮುಗಿಯುವಷ್ಟರಲ್ಲಿ, ಹಿಂದಕ್ಕೆ ಹತ್ತುವುದೂ ಮುಂದಕ್ಕೆ ಬಳಸುವುದೂ ಒಂದೇ ಎಂದು ಡ್ರೈವರು ಲೆಕ್ಕ ಹೇಳಿದ. ಅದು ನಿಜವೂ ಅಲ್ಲ. ಅವನಿಗೂ ಆ ಘಾಟಿ ಮತ್ತೆ ಹತ್ತುವ ಮನಸ್ಸಿರಲಿಲ್ಲ.

ಬಳಸಿದ್ದರೂ ಚಿಂತೆಯಿರಲಿಲ್ಲ, ಸುಮ್ಮನೆ ಬಳಸಿದ್ದರೆ. ಆತ ಮೈಲಿಗೊಮ್ಮೆ ಜೀಪು ನಿಲ್ಲಿಸುತ್ತಿದ್ದ. ಬಂಡೆಯ ಮೇಲಿನ ಪಾಚಿಗೆ ಬೆತ್ತ, ಜರೀಗಿಡಕ್ಕೆ ಬೆತ್ತ, ತೊರೆಗೆ ಬೆತ್ತ. “ನೆಕ್ಸ್ಟ್ ಪ್ಯಾನೆಲ್” ಎನ್ನುತ್ತಿದ್ದ, ಬೆಟ್ಟದ ತಿರುವಿಗೂ! “ಬೇಗ ಹೋಗೋಣ” ಎಂದು ನಾನು ಬಾಯಿ ಹಾಕಿದರೆ ನಕ್ಕು, ಪಾಚಿಯಿಂದ ಮತ್ತೆ ಶುರು. ಮೂರನೆಯ ಸಲಕ್ಕೆ ಬಾಯಿ ಹಾಕಿದರೆ ಇನ್ನಷ್ಟು ತಡವೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡೆ. ವಾಚಿನ ಮುಳ್ಳು ಕಾಣಲು ಮುಖ ಓರೆ ಮಾಡಬೇಕಿತ್ತು. ಹಾಗೆ ಓರೆ ಮಾಡಿ ಮಾಡಿ ಕತ್ತು ನೋಯತೊಡಗಿತು.

ಬೆಳ್ತಂಗಡಿ ದಾಟಿದ ಮೇಲೆ, ನೆತ್ತಿಯ ಮೇಲೆ ಬಿಸಿಲು ಬಂದ ಹೊತ್ತಿಗೆ, ಒಂದು ಗದ್ದೆಯ ಪಕ್ಕ ನಿಲ್ಲಿಸಿ ಆತ ನನ್ನ ಕಡೆಯ ಬಾಗಿಲು ತೆಗೆದ.

“ಮೇಡಂ, ಕೈಂಡ್ಲಿ ಗೆಟ್ ಡೌನ್. ಬ್ಯಾಕ್‌ಸೈಡ್ ವ್ಯೂ. ಮೋಡ ಇಲ್ಲ, ಪೂರ್ತಿ ಕಾಣ್ತೈತೆ.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಐ ಹ್ಯಾವ್ ನಾಟ್ ಕಮ್ ಟು ಸೀ ಎನಿಬಡೀಸ್ ಬ್ಯಾಕ್‌ಸೈಡ್!” ಎಂದು ಕಿರುಚಿ ಬಾಗಿಲು ಎಳೆದುಕೊಂಡೆ. ಬೆಟ್ಟ ಬಲಕ್ಕಿತ್ತು. ನಾನು ಹಟ ಹಿಡಿದು ಎಡಕ್ಕೆ ತಿರುಗಿ ಕೂತೆ. ಎಡಕ್ಕೆ ಇದ್ದದ್ದು ಆ ರಬ್ಬರ್ ಶೀಟುಗಳು, ಆ ವಾಸನೆ. ನಾದಿನಿ ಇಳಿದಳು. “ಅಬ್ಬಾ… ಅತ್ತಿಗೆ, ಬನ್ನಿ, ಒಂದ್ ನಿಮಿಷ ಬನ್ನಿ” ಎಂದಳು. ಹೋಗಲಿಲ್ಲ. ಆತ ಅವಳೊಬ್ಬಳಿಗೇ ಬೆತ್ತ ಎತ್ತಿ ಹೇಳತೊಡಗಿದ್ದ. ಹಾರ್ನ್ ಹೊಡೆಯಲು ಡ್ರೈವರಿಗೆ ಹೇಳಿದೆ. ಮಾತು ನಿಂತಿತು. ಆಮೇಲೆ, ದೇವರೇ, ಮೊದಲಿನಿಂದ ಶುರುವಾಯಿತು. ಮತ್ತೆ ಹೊಡೆಸಿದೆ. ಬಿಡದೆ ಹೊಡೆಸಿದೆ.

ಪಾರ್ಕಿನ ಗೇಟು ಮುಟ್ಟಿದಾಗ ನಾಲ್ಕಾಗಿತ್ತು. ಗೇಟಿನ ಗಾರ್ಡು ಕರಾವಳಿಯವನು. “ಈಗ ಒಳಗೆ ಇಳಿಲಿಕ್ಕಿಲ್ಲ ಅಮ್ಮ. ಗಾಡಿ ನಿಲ್ಲಿಸ್ಲಿಕ್ಕೂ ಇಲ್ಲ. ಈ ಗೇಟಿಂದ ಆ ಗೇಟಿಗೆ ಸೀದಾ ಹೋಗುವುದು” ಎಂದ. ಹೋದೆವು. ಒಳಗೆ ಕಣಿವೆಯಿಂದ ಮಂಜು ಎದ್ದು ಬರುತ್ತಿತ್ತು. ಜೀಪಿನ ಗಾಜಿನಾಚೆ ಬರೀ ಬಿಳುಪು. ಆತ ಮಾತ್ರ ಬಿಡಲಿಲ್ಲ.

“ಇಲ್ಲಿ ಹುಲ್ಲುಗುಡ್ಡ ಐತೆ ಮೇಡಂ, ಮಂಜಿನ ಹಿಂದೆ. ಅದರ ಮಡಿಕೇಲಿ ಶೋಲಾ ಕಾಡು. ಶೋಲಾ ಅಂದ್ರೆ—”

“ಶೋಲಾ ಅಂದ್ರೇನು ಅಂತ ನನಗೆ ಹೇಳಬೇಡಿ. ಥರ್ಟಿ ಇಯರ್ಸ್ ಅದನ್ನೇ ಹೇಳಿದೀನಿ. ತೋರಿಸಿ!”

ಸಂಸೆ ತಲುಪಿದಾಗ ಐದೂವರೆ. ಚಹಾ ತೋಟದ ಅಂಚಿನಲ್ಲಿ ನಿಲ್ಲಿಸಿದರು. ನಾನು ಇಳಿದೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಎದುರಿಗೇ ಇತ್ತು, ಮಂಜಿನ ಆಚೆ. ಗೈಡು ಓಡಿಹೋಗಿ ದಿಬ್ಬದ ಮೇಲೆ ನಿಂತು, ಬೆತ್ತದಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದ. ಇಲ್ಲಿ ಕಿವಿ, ಇಲ್ಲಿ ಹಣೆ, ಇಲ್ಲಿಂದ ಇಳಿದರೆ ಮೂಗು…

“ಯೂ ಆರ್ ಎ ಫ್ರಾಡ್” ಎಂದೆ. “ಕಲ್ಲಿನ ಗೋಡೆಗೂ ಬೆಟ್ಟಕ್ಕೂ ವ್ಯತ್ಯಾಸ ಗೊತ್ತಿಲ್ಲದ ನೀವೊಬ್ಬ ಗೈಡಾ?”

ಬೆತ್ತ ಕೆಳಗಿಳಿಯಿತು. ಆ ದಿನ ಮೊದಲ ಬಾರಿಗೆ ಆತ ಅರ್ಧಕ್ಕೆ ನಿಂತ ಮಾತನ್ನು ಮತ್ತೆ ಶುರು ಮಾಡಲಿಲ್ಲ.

ಮುಂದಿನ ಭಾನುವಾರ ಬೆಳಕು ಹರಿಯುವಾಗಲೇ ನಮ್ಮ ಮನೆಯ ಗೇಟಿನಲ್ಲಿ ಅದೇ ಜೀಪು. ನಾನು ಕಿಟಕಿಯ ಪರದೆಯ ಹಿಂದೆ ನಿಂತೆ. ನಾದಿನಿ ಹೋಗಿ ಮಾತಾಡಿಸಿದಳು. ಆತನ ಮಾತು ಒಳಕ್ಕೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಮೇಡಂ ಅವ್ರಿಗೆ ಕಣ್ಣಿನ ತೊಂದ್ರೆ ಅಂದ್ರಲ್ಲ ತಾಯೀ. ಸೀದಾ ಹೋಗಿ ಮುಖ ನೋಡಿದ್ರೆ ನೋಡ್ದಂಗಾಯ್ತದೆ ಅಷ್ಟೇ. ಒಂದು ಸುತ್ತು ಬಂದು ನೋಡಿದ್ರೆ ಏನಾರ ಒಳ್ಳೇದಾದಾತು ಅಂತ… ನಂದೇ ತಪ್ಪು. ಇವತ್ತು ಕಳಸದ ಕಡೀಂದ ನೇರವಾಗೇ ಕರ್ಕೊಂಡೋಯ್ತೀನಿ. ಎಡಕ್ಕಿದ್ರೂ ಇರ್ಲಿ. ಮುಗಿಲು ತಿಳಿಯಾಗೈತೆ, ನೋಡಿ.”

ನಾದಿನಿ ಒಳಗೆ ಬಂದು ನನ್ನ ಮುಖ ನೋಡಿದಳು. “ತಲೆನೋವು ಅಂತ ಹೇಳು” ಎಂದೆ.

“ಅತ್ತಿಗೆ, ಪಾಪ ಕಣ್ರೀ. ನೀವು ಹೋಗ್ಬೇಕು ಅಂತಿದ್ದೋರಲ್ವಾ!”

“ಹೇಳು ಅಂದ್ರೆ ಹೇಳು.”

“ತಲೆನೋವು ಇಳೀಲಿ, ಕಾಯ್ತೀನಿ. ಇನ್ನೂ ಹೊತ್ತೈತೆ” ಎಂದು ಆತ ಎದುರಿನ ಮೋರಿಯ ಕಟ್ಟೆಯ ಮೇಲೆ ಕೂತ. ಕ್ಲಾಸಿಗೆ ತಡವಾಗಿ ಬಂದ ಹುಡುಗಿಯರನ್ನು ನಾನು ಹೀಗೇ ಹೊರಗೆ ನಿಲ್ಲಿಸುತ್ತಿದ್ದೆ. ಹದಿನೈದು ನಿಮಿಷ ನಿಲ್ಲಿಸಿ ಒಳಗೆ ಕರೆಯುವುದು ರೂಢಿ. ಆತನನ್ನೂ ಕರೆಯುವವಳೇ ಇದ್ದೆ. ಸೀರೆ ಬದಲಾಯಿಸಿದ್ದೆ, ಕನ್ನಡಕ ಒರೆಸಿಕೊಂಡಿದ್ದೆ. ಇನ್ನೊಂದು ಐದು ನಿಮಿಷ ಕೂರಲಿ, ಅರ್ಥವಾಗಲಿ ಎಂದುಕೊಂಡೆ. ಆಮೇಲೆ ಇನ್ನೊಂದು ಐದು… ಡ್ರೈವರು ಏನೋ ಗೊಣಗಿದ. ಜೀಪು ಸ್ಟಾರ್ಟ್ ಆದ ಸದ್ದು ಕೇಳಿ ನಾನು ಬಾಗಿಲಿಗೆ ಬರುವಷ್ಟರಲ್ಲಿ ಅದು ತಿರುವು ದಾಟಿತ್ತು. ಆಕಾಶದಲ್ಲಿ ಒಂದೆಳೆ ಮೋಡವಿರಲಿಲ್ಲ.

ಯುಗಾದಿಯ ಹೊತ್ತಿಗೆ ಎರಡನೆಯ ಕಣ್ಣಿಗೂ ಕಲೆ ಬಂತು. ಮುಂದಿನ ಮಾಗಿಯಲ್ಲಿ, ಏನಾದರೂ ಉಳಿದಿದ್ದರೆ ಇರಲಿ ಎಂದು ಹಳೇಬೀಡಿಗೆ ಹೇಳಿಕಳಿಸಿದೆ. ಗೈಡು ಮಳೆಗಾಲದಲ್ಲೇ ತೀರಿಕೊಂಡರಂತೆ. ಬೇರೆ ಗೈಡುಗಳು, ನಾವೇ ಬರ್ತೀವಿ ಮೇಡಂ, ಎಂದರಂತೆ. ಬೇಡವೆಂದೆ.

ಈಗ ಎಂಬತ್ತು ದಾಟಿದೆ. ನಾನು ಹೇಳುತ್ತೇನೆ, ತಮ್ಮನ ಮೊಮ್ಮಗಳು ಬರೆಯುತ್ತಾಳೆ. ಅವಳು ಫೋನಿನಲ್ಲಿ ಆ ಬೆಟ್ಟದ ಫೋಟೋ ಹಿಡಿದರೆ ನನಗೆ ಫೋನಿನ ಅಂಚು, ಅವಳ ಹೆಬ್ಬೆರಳು ಕಾಣುತ್ತದೆ. ನಡುವೆ ಇರುವುದು ಕಾಣುವುದಿಲ್ಲ. ಸಿಟ್ಟು ಇವತ್ತಿಗೂ ಇದೆ. ಆತನ ಮೇಲೆ ಇದೆಯೋ ಅಂದರೆ, ಇದೆ, ಇಲ್ಲವೆಂದು ಯಾಕೆ ಹೇಳಲಿ? ಆದರೆ ಕೂತು ಯೋಚಿಸಿದರೆ ಅದು ಆತನ ಹತ್ತಿರ ಬಹಳ ಹೊತ್ತು ನಿಲ್ಲುವುದಿಲ್ಲ.

ನಿನ್ನೆ ನಾದಿನಿ ಬಂದಿದ್ದಳು. ಅವಳಿಗೂ ವಯಸ್ಸಾಯಿತು. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ. ಅವತ್ತು ಮಧ್ಯಾಹ್ನ, ಆ ಗದ್ದೆಯ ಹತ್ತಿರ ಇಳಿದೆಯಲ್ಲ, ಹೇಗಿತ್ತು?

“ಎತ್ತರಕ್ಕೆ ಗೋಡೆ ಇದ್ದಂಗಿತ್ತು ಅತ್ತಿಗೆ. ನೀಲಿ. ನಡುವೆ ಒಂದು ಕಡೆ ಬೆಳ್ಳಗೆ ಏನೋ ಉದ್ದಕ್ಕೆ ಇಳಿದಿತ್ತು… ನೀರೋ, ಬಂಡೆಯೋ. ಅವರು ಕೋಲು ಎತ್ತಿ ಅದೇನು ಅಂತ ಹೇಳೋಕೆ ಹೊರಟಿದ್ರು.”

“ಏನಂದರು?”

“ಎಲ್ಲಿ ಹೇಳ್ತಾರೆ? ಅಷ್ಟರಲ್ಲಿ ನೀವು ಹಾರ್ನ್ ಹೊಡೆಸಿದ್ರಲ್ಲ.”