ಬೇಗ ಬಂದ ತಪ್ಪಿಗೆ ಗೇಟಿನ ಹೊರಗೆ

ಬೇಗ ಬಂದಿರಿ ಎಂದು ಯಾರಾದರೂ ನಿಮ್ಮನ್ನು ಗೇಟಿನಿಂದ ವಾಪಸ್ ಕಳಿಸಿದ್ದಾರೆಯೇ? ನನ್ನನ್ನು ಕಳಿಸಿದರು. ಮೊನ್ನೆ ಭಾನುವಾರ, ಹೆಂಡತಿಯ ಕಣ್ಣೆದುರಿಗೇ.

ಎಲ್ಲಿಗೂ ಬೇಗ ಹೋಗುವುದು ನನ್ನ ಚಾಳಿ. ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು, ಕಾರ್ಖಾನೆಯ ಸೈರನ್ನಿಗೆ ದುಡಿದವನು. ಶಿಫ್ಟ್ ಇನ್‌ಚಾರ್ಜ್ ಆಗಿದ್ದಷ್ಟು ಕಾಲವೂ ಅರ್ಧ ಗಂಟೆ ಮೊದಲೇ ಹಾಜರ್. ಹೋಗುವ ಶಿಫ್ಟಿನವನು ಬರುವ ಶಿಫ್ಟಿನವನ ಎದುರು ನಿಂತು ಮಶೀನು ಒಪ್ಪಿಸಬೇಕು. ಒಪ್ಪಿಸದೆ ಹೋದರೆ ಮೆಮೊ. ನಾನು ನಿವೃತ್ತನಾಗಿದ್ದೇನೆ, ಚಾಳಿ ಆಗಿಲ್ಲ. (ಪುಣೆ ಸ್ಟೇಷನ್ನಿನಲ್ಲಿ ಯಾವ ರೈಲೂ ನನಗಿಂತ ಮೊದಲು ಪ್ಲಾಟ್‌ಫಾರ್ಮಿಗೆ ಬಂದದ್ದಿಲ್ಲ.)

ಹೆಂಡತಿ ಸುಶೀಲಾ ಕೃಷ್ಣಾ ದಂಡೆಯವಳು. ಹೊಳೆಯಲ್ಲಿ ಈಜಿ ಬೆಳೆದವಳು. ಕೊರೊನಾ ಬಂದ ಮೇಲೆ ಪುಣೆಯಲ್ಲಿ ನಾವಿರುವ ಬಿಬವೇವಾಡಿಯ ಕಾಯಿಪಲ್ಲೆ ಮಾರ್ಕೆಟ್ಟಿನ ಆಚೆಗೆ ಕಾಲಿಟ್ಟಿರಲಿಲ್ಲ. ಈಜುಕೊಳಗಳಿಗೆ ಬೀಗ. ಇಬ್ಬರಿಗೂ ಎರಡನೇ ಡೋಸ್ ಆದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು: "ನನಗ ಮಾಲ್ ಬ್ಯಾಡ, ಹೋಟೆಲ್ ಬ್ಯಾಡ. ಒಮ್ಮೆ ನೀರಾಗ ಕೈ ಆಡಿಸಬೇಕು."

ಪುಣೆಯ ಹೊರಗೆ, ಪಾನಶೇತ್ ರಸ್ತೆಯ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಕಯಾಕ್ ಓಡಿಸಲು ಕೊಡುವ ಸಣ್ಣ ಕೇಂದ್ರವೊಂದಿದೆ. (ಕಯಾಕ್ ಎಂದರೆ ಉದ್ದನೆಯ ಸಪೂರ ದೋಣಿ. ಒಬ್ಬರೋ ಇಬ್ಬರೋ ಕುಳಿತು ಹುಟ್ಟು ಹಾಕುವುದು. ನಾನು ಟೀವಿಯಲ್ಲಷ್ಟೇ ನೋಡಿದ್ದೆ.) ನಿರ್ಬಂಧ ಸಡಿಲಾದ ಮೇಲೆ ಮತ್ತೆ ತೆರೆದಿದ್ದರು. ಮಗಳು ಫೋನಿನಲ್ಲೇ ಬುಕ್ ಮಾಡಿಕೊಟ್ಟಳು. ಎಂಟು ಗಂಟೆಯ ಬ್ಯಾಚ್. ಏಳೂವರೆಗೆ ನಾವು ಗೇಟಿನಲ್ಲಿ!

ಕೊರಳಲ್ಲಿ ಸೀಟಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದ ಹೆಣ್ಣುಮಗಳೊಬ್ಬಳು ಬಂದಳು. ಕೇಂದ್ರ ನಡೆಸುವವಳೇ ಅವಳು. ಗೇಟು ತೆಗೆಯಲಿಲ್ಲ. ನಿಮ್ಮ ಹೊತ್ತು ಎಂಟಕ್ಕೆ, ಹೋಗಿ ಗಾಡಿಯಲ್ಲಿ ಕೂಡಿರಿ ಎಂದು ಮರಾಠಿಯಲ್ಲಿ ಹೇಳಿದಳು. ಬೇಗ ಬಂದರೆ ನಷ್ಟವೇನು, ಒಂದು ಮೂಲೆಯಲ್ಲಿ ನಿಂತಿರುತ್ತೇವೆ ಎಂದೆ. ಆಗುವುದಿಲ್ಲ ಎಂದಳು. ನಾನು ಕದಲಲಿಲ್ಲ.

"ಮದಿವಿಗೂ ಹಿಂಗs ಲಗೂ ಬಂದಿದ್ರಿ," ಎಂದಳು ಸುಶೀಲಾ. "ಹಂದರ ಇನ್ನಾ ಹಾಕಿದ್ದಿಲ್ಲ. ನಮ್ಮಪ್ಪ ನಿಮ್ಮ ಕೈಲೇನs ಹಗ್ಗ ಕಟ್ಟಿಸಿದಾ."

ಗೇಟಿನೊಳಗಿನ ಸೀಟಿಯ ಹುಡುಗಿ ನಕ್ಕುಬಿಟ್ಟಳು. "ಕನ್ನಡದವ್ರೇನ್ರಿ ಕಾಕಾ? ನಮ್ಮಪ್ಪಾರು ವಿಜಾಪುರದವ್ರು. ಇಲ್ಲೇ ಅರವಿ ಅಂಗಡಿ ಇತ್ತು."

ಹೆಸರು ಶೈಲಜಾ. ಇನ್ನೇನು, ನಮ್ಮವಳೇ ಸಿಕ್ಕಳು, ಗೇಟು ತೆರೆಯಿತು ಎಂದುಕೊಂಡೆ. ಎಲ್ಲಿ? "ನಮ್ಮವ್ರು ಅಂತs ಕೈಮುಗದು ಹೇಳಾಕತ್ತೀನ್ರಿ. ಹಿಂದ ಹೋಗ್ರಿ."

ಇಷ್ಟರಲ್ಲಿ ನನ್ನ ಹಿಂದೆ ಮತ್ತೆರಡು ಕಾರು ಬಂದವು. ಹಿರಿಯರೊಬ್ಬರು ಗೇಟಿನಲ್ಲಿ ನಿಂತಿದ್ದಾರೆಂದರೆ ಅದು ಕ್ಯೂ ಇರಲೇಬೇಕು ತಾನೇ? ಎಲ್ಲರೂ ಇಳಿದು ನನ್ನ ಬೆನ್ನ ಹಿಂದೆ ಸಾಲಾಗಿ ನಿಂತರು. ಒಳಗೆ ಹಿಂದಿನ ಬ್ಯಾಚಿನ ದೋಣಿಗಳು ದಂಡೆಗೆ ಬರುತ್ತಿದ್ದವು.

ಶೈಲಜಾಳ ನಗು ಹೋಯಿತು. ರಸ್ತೆಯಾಚೆಯ ಏರಿಯ ಮೇಲೆ ಕಣ್ಣು ನೆಟ್ಟಳು. ಅಲ್ಲಿ ಬಿಳಿ ಟೋಪಿಯ ಮುದುಕರೊಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಅವ್ರು ಊರ ಕಮಿಟಿಯವ್ರು. ಪುಣೆದವ್ರು ಬಂದು ಊರಿಗೆ ರೋಗ ಹಚ್ಚತಾರಂತ ಹ್ವಾದ ವರ್ಷ ರಸ್ತಾಕ್ಕs ಮುಳ್ಳು ಹಾಕಿದ್ರು. ಮನಿ ಮನಿ ತಿರಗಿ ಒಪ್ಪಿಸೀನಿ. ಒಂದs ಕರಾರು ಅದ ಕಾಕಾ, ಗೇಟಿಗೆ ಗದ್ದಲ ಕಾಣಬಾರದು. ಕಂಡ್ರ ಇವತ್ತs ಬಂದ್. ಈ ಬೋಟು ಮತ್ತ ಬೋರಲ ಬೀಳ್ತಾವು, ನಾ ಮನಿಗೆ ಹೋಗ್ತೀನಿ."

ಮುದುಕರು ಕುರ್ಚಿಯಿಂದ ಎದ್ದರು. ಕೈಯಲ್ಲಿ ಫೋನಿತ್ತು.

ಮೂವತ್ತು ವರ್ಷ ಶಾಪ್‌ಫ್ಲೋರಿನಲ್ಲಿ ಬಳಸಿದ ದನಿ ಗಂಟಲಲ್ಲಿ ಇನ್ನೂ ಇದೆ. ಹಿಂದೆ ತಿರುಗಿ ಮರಾಠಿಯಲ್ಲಿ ಗದರಿದೆ: ಎಲ್ಲರೂ ಅವರವರ ಗಾಡಿಗೆ, ತಕ್ಷಣ! ಯಾರೂ ಪ್ರಶ್ನಿಸಲಿಲ್ಲ. ಎಲ್ಲರ ಕೊನೆಗೆ ನಾನೂ ಹೋಗಿ ಕುಳಿತೆ. ಕಾರಿನ ಗಾಜು ಇಳಿಸಿ ಏರಿಯ ಕಡೆ ನೋಡಿದೆ. ಮುದುಕರು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಫೋನು ಅಂಗಿಯ ಕಿಸೆಗೆ ಹೋಯಿತು.

"ಮದಿವ್ಯಾಗೂ ಇಷ್ಟು ಬೆವತಿದ್ದಿಲ್ಲ ಬಿಡ್ರಿ," ಎಂದಳು ಪಕ್ಕದವಳು.

ಕಾರಿನಲ್ಲಿ ಕುಳಿತೇ ಒಳಗಿನ ಕೆಲಸ ನೋಡಿದೆ. ದಂಡೆಗೆ ಬಂದವರು ಬೇರೊಂದು ದಾರಿಯಿಂದ ಹೊರಗೆ ಹೋದರು. ಅವರು ತೊಟ್ಟಿದ್ದ ಲೈಫ್ ಜಾಕೆಟ್ಟುಗಳು ಸಾಬೂನು ನೀರಿನ ಡ್ರಮ್ಮಿಗೆ ಬಿದ್ದು, ಅಲ್ಲಿಂದ ಬಿಸಿಲಿನ ಹಗ್ಗಕ್ಕೇರಿದವು. ನಮಗೆ ಕೊಟ್ಟದ್ದು ಇನ್ನೊಂದು ಹಗ್ಗದಲ್ಲಿ ಆಗಲೇ ಒಣಗಿದ್ದವನ್ನು. ಹುಟ್ಟುಗಳನ್ನು ಹಿಡಿಯುವ ಜಾಗ ಒರೆಸಿದರು. ಹಿಂದಿನ ಬ್ಯಾಚಿನ ಕೊನೆಯ ಕಾರು ಹೊರಟ ಮೇಲೆಯೇ ನಮಗೆ ಸೀಟಿ ಊದಿದ್ದು. ಎರಡು ಶಿಫ್ಟಿನವರು ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ, ಆದರೂ ಮಶೀನು ಸರಿಯಾಗಿ ಕೈ ಬದಲಾಯಿತು. ನನ್ನ ಸರ್ವೀಸಿನಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ!

ಇಬ್ಬರು ಕೂರುವ ದೋಣಿ ಒಂದೇ ಮನೆಯವರಿಗೆ ಮಾತ್ರ. "ಒಂದs ಮನಿಯವ್ರೇನ್ರಿ?" ಎಂದು ಶೈಲಜಾ ನಮ್ಮನ್ನೂ ಕೇಳಿದಳು. ನಿಯಮ ನೋಡಿ!

"ನಲವತ್ತು ವರ್ಷ ಆತವ್ವಾ," ಎಂದಳು ಸುಶೀಲಾ. "ಬದಲಿ ಕೊಡ್ತಿದ್ರ ಹೇಳು."

ದೋಣಿಯಲ್ಲಿ ಕುಳಿತೆ. ಮಾಸ್ಕ್ ತೆಗೆಯಿರಿ ಎಂದಳು ಶೈಲಜಾ. ನಾನು ತೆಗೆಯಲಿಲ್ಲ. ನಿಯಮ ಎಂದರೆ ನಿಯಮ ಎಂದೆ.

"ಕಾಕಾ, ಬೋಟ್ ಮಗಚಿ ಬಿದ್ರ ಒದ್ದಿ ಮಾಸ್ಕ್ ಮೂಗಿಗೆ ಅಂಟ್ತದ, ಉಸರು ಸಿಗಂಗಿಲ್ಲ. ದಂಡಿ ಮ್ಯಾಲ ಹಾಕ್ಕೊಳ್ರಿ, ನೀರಾಗ ತಗೀರಿ. ಅದಕ್ಕs ಬೋಟಿಗೆ ಬೋಟು ದೂರ ಇಡಸ್ತೀನಿ. ಬಿದ್ರ ಅಂಜಬ್ಯಾಡ್ರಿ, ಜಾಕೆಟ್ ತೇಲಸ್ತದ. ನನ್ನ ಬೋಟಿನ ಬಾಲಕ್ಕ ಹಿಡಿ ಅದ, ಅದನ್ನ ಹಿಡಕೊಳ್ರಿ, ಎಳಕೊಂಡು ಬರ್ತೀನಿ. ಮೊದ್ಲ ಬಗಲಾಗ ಕೈ ಹಾಕಿ ಎತ್ತತಿದ್ವಿ, ಈಗ ಮುಖಕ್ಕ ಮುಖ ಬ್ಯಾಡ."

ಮಾಸ್ಕನ್ನು ನೀರು ತಾಗದ ಚೀಲಕ್ಕೆ ಹಾಕಿದೆ.

ಈ ಒಂದೂವರೆ ವರ್ಷದಲ್ಲಿ ನಾವು ಎಂತೆಂಥ ನಿಯಮ ನೋಡಿದ್ದೇವೆ! ಬಾಗಿಲಲ್ಲಿ ಖಾಲಿ ಸ್ಯಾನಿಟೈಸರ್ ಬಾಟಲಿ. ಬಿಸಿಲಲ್ಲಿ ನಡೆದು ಬಂದವನಿಗೂ ಎಸಿ ಕಾರಿನಲ್ಲಿ ಬಂದವನಿಗೂ ಒಂದೇ ಉಷ್ಣತೆ ತೋರಿಸುವ ಪಿಸ್ತೂಲು. ಬಣ್ಣ ಬಳಿದು ಬರೆದ ವೃತ್ತಗಳು, ಅವುಗಳ ಮೇಲೆ ಪಾರ್ಕ್ ಮಾಡಿದ ಸ್ಕೂಟರುಗಳು. ಏಕೆ ಎಂದು ಕೇಳಿದರೆ ಮೇಲಿನವರ ಆರ್ಡರ್! ಈ ಹುಡುಗಿಯ ದಂಡೆಯಲ್ಲಿ ಯಾವ ನಿಯಮವನ್ನು ಬೇಕಾದರೂ ಕೇಳಿ, ಕಾರಣ ಹೇಳುತ್ತಾಳೆ. ಕಾರಣ ಗೊತ್ತಿದ್ದರಿಂದಲೇ ಎಲ್ಲಿ ಮಾಸ್ಕ್ ಬೇಡ ಎನ್ನುವುದೂ ಅವಳಿಗೆ ಗೊತ್ತಿತ್ತು. ನಿಯಮ ಪಾಲಿಸುವುದರಲ್ಲಿ ನಾನೇ ಗಟ್ಟಿಗ ಎಂದುಕೊಂಡಿದ್ದವನು ಮನಸ್ಸಿನಲ್ಲೇ ಸಲಾಂ ಹೊಡೆದೆ.

ನೀರಿನ ಮೇಲೆ ನನ್ನ ಹುಟ್ಟು ಎಡಕ್ಕೆ, ಹೆಂಡತಿಯದು ಬಲಕ್ಕೆ. ದೋಣಿ ನಿಂತಲ್ಲೇ ಗಿರಗಿಟ್ಟಲೆ. "ನೀವು ಸುಮ್ಮ ಕೂಡ್ರಿ," ಎಂದಳು. ಕುಳಿತೆ. ಅವಳೊಬ್ಬಳೇ ನಿಧಾನವಾಗಿ ಸಾಗಿಸಿದಳು. ನಡುವೆ ಹುಟ್ಟನ್ನು ಮಡಿಲಲ್ಲಿಟ್ಟು, ಕೈಯನ್ನು ಮೊಣಕೈವರೆಗೂ ನೀರಿಗೆ ಬಿಟ್ಟಳು. ತುಂಬಾ ಹೊತ್ತು ಹಾಗೇ ಇದ್ದಳು. ಅವಳು ಮುಂದೆ ಕುಳಿತಿದ್ದರಿಂದ ಮುಖ ನನಗೆ ಕಾಣಲಿಲ್ಲ.

ವಾಪಸ್ ಬರುವಾಗ ಏರಿಯ ಮೇಲಿನ ಮುದುಕರು ಕಾರಿನ ಕಡೆ ನೋಡಿ ಕೈ ಎತ್ತಿದರು. ನಾನೂ ಎತ್ತಿದೆ.

ಬರುವ ಭಾನುವಾರಕ್ಕೂ ಬುಕ್ ಮಾಡಿಸಿದ್ದಾಳೆ ಸುಶೀಲಾ. ಎಂಟು ಗಂಟೆಯ ಬ್ಯಾಚೇ. ಎಂಟು ಎಂದರೆ ಎಂಟಕ್ಕೇ ಹೋಗುವ ಶಿಸ್ತನ್ನು ಈ ವಯಸ್ಸಿನಲ್ಲಿ ಕಲಿಯುವುದು ಹೇಗೆ ಸ್ವಾಮಿ?