ಬಾಗಿಲ ಮೇಲೆ ಹೊರಿಸಿದ ತಪ್ಪು

ಹುರಿದ ಶೇಂಗಾ ಮೊರದಲ್ಲಿ ಹಾಕಿಕೊಂಡು ಸಿಪ್ಪೆ ಕೇರುತ್ತಿದ್ದೆ. ಮನೆಯಲ್ಲಿ ಶೇಂಗಾ ಹಿಂಡಿ ಮುಗಿದಿತ್ತು, ಆ ಚಟ್ನಿಪುಡಿ ಇಲ್ಲದೆ ನಮ್ಮ ಯಜಮಾನರಿಗೆ ರೊಟ್ಟಿ ಇಳಿಯುವುದಿಲ್ಲ. ಆಗ ಫೋನು ಬಂತು. ಖಾರಪುಡಿ ಕಾರ್ಖಾನೆಯಲ್ಲಿ ಅವರ ಜೊತೆ ದುಡಿಯುವವರು.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅಣ್ಣಾರ ಕೈ ಮಷೀನಿನ ಬೆಲ್ಟಿನಾಗ ಸಿಕ್ಕೈತಿ. ದವಾಖಾನಿಗೆ ಕರಕೊಂಡು ಬಂದೇವಿ."

ಮೊರ ಅಲ್ಲೇ ಬಿಟ್ಟೆ. ದೇವರ ಜಗಲಿ ಮೇಲಿನ ವಿಭೂತಿ ಚೂರೊಂದನ್ನು ಸೆರಗಿಗೆ ಗಂಟು ಹಾಕಿಕೊಂಡು ಕೆಲಗೇರಿಯಿಂದ ಆಟೋ ಹಿಡಿದೆ. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಶಿವನೇ, ಕೈ ಉಳಿಸು.

ಕೈ ಉಳಿದಿತ್ತು. ಬಲಗೈಯ ಕಿರುಬೆರಳ ತುದಿ ಹೋಗಿತ್ತು, ಪಕ್ಕದ ಬೆರಳು ಮುರಿದಿತ್ತು. ಉಳಿದವು ನೆಟ್ಟಗಿವೆ ಎಂದು ಕೇಳಿ ನಿಂತಲ್ಲೇ ಕೈ ಮುಗಿದೆ. ಆದರೆ ಇವರು ಡಾಕ್ಟರಮ್ಮನ ಮುಂದೆ ಹೇಳಿದ್ದೇ ಬೇರೆ.

"ಮನಿ ಬಾಗಲದಾಗ ಸಿಕ್ಕಿತ್ರಿ."

ಡಾಕ್ಟರಮ್ಮ ಗಾಯಕ್ಕೆ ಮೆತ್ತಿದ್ದ ಖಾರಪುಡಿ ತೊಳೆಯುತ್ತಾ, "ಅದೆಂಥಾ ಬಾಗಲಾರೀ ನಿಮ್ದು? ಖಾರಪುಡಿ ಬಳದೀರೇನು?" ಎಂದರು.

ಇವರು ಸುಳ್ಳು ಯಾಕೆ ಹೇಳಿದರೆಂದು ನನಗೆ ಗೊತ್ತು. ಪ್ರತಿ ಅಮಾವಾಸ್ಯೆಗೆ ಆ ಮಷೀನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವವರು ಇವರೇ. ಅನ್ನ ಕೊಡುವ ಮಷೀನಿನ ಮೇಲೆ ದೂರು ಹೇಳಬಾರದು, ಹೇಳಿದರೆ ಮಾಲೀಕರಿಗೆ ತೊಂದರೆ ಅನ್ನುವುದು ಅವರ ನಂಬಿಕೆ. ನನ್ನ ಚಿಂತೆ ಒಂದೇ: ಕೈ ವಾಸಿಯಾಗುವವರೆಗೆ ಒಲೆ ಹೇಗೆ ಉರಿಯಬೇಕು?

ಅಷ್ಟರಲ್ಲಿ ಮಾಲೀಕರು ಓಡಿ ಬಂದರು. ನಮ್ಮ ಮಗನ ವಯಸ್ಸಿನವರು, ಇವರನ್ನು ಕಾಕಾ ಎನ್ನುತ್ತಾರೆ. ಬಾಗಿಲಿನ ಕಥೆ ಕೇಳಿ ಹಣೆ ಬಡಿದುಕೊಂಡರು.

"ಕಾಕಾ, ನನ್ನ ಉಳಸಾಕ ಹೋಗಿ ನಿಮ್ಮ ಕಾಲ ಮ್ಯಾಲೆ ನೀವ ಕಲ್ಲು ಹಾಕ್ಕೊಂತೀರೇನು? ವರ್ಷಾ ವರ್ಷಾ ವಿಮಾ ಕಟ್ಟೋದು ಎದಕ್ಕ?"

"ನಿಮಗ ಖರ್ಚು ಬೀಳ್ತೈತಲ್ರಿ ಸಾವಕಾರ್ರ."

"ಕೆಲಸದಾಗ ಪೆಟ್ಟಾದ್ರ ಪರಿಹಾರ ಕೊಡೋ ಹೊಣಿ ನಂದು, ಕಾಯ್ದಾನ ಹಂಗೈತಿ. ಆ ಭಾರ ನನ್ನ ಪರವಾಗಿ ವಿಮಾದವರು ಹೊರತಾರ. ನೀವು ಮನಿಯಾಗ ಕುಂತಾಗ ಪಗಾರದಾಗ ಒಂದು ಪಾಲು, ಹೋದ ಬೆರಳಿಗೆ ಬ್ಯಾರೆ ಪರಿಹಾರ. ಆದ್ರ ಪೆಟ್ಟು ಕೆಲಸದಾಗ ಆತು ಅಂತ ಇಲ್ಲಿ ಬರಸಬೇಕು. ಬಾಗಲಾ ಅಂದ್ರ, ಹೋಗಿ ಬಾಗಲಾನ್ನ ಕೇಳ್ರಿ ಅಂತಾರ!"

"ಮಷೀನಿನ ಮ್ಯಾಲೆ ಹೆಂಗ ಹೇಳ್ಲಿರಿ..."

"ಮಷೀನು ಮುನಿಸಿಕೊಂಡ್ರ, ಬರೋ ಅಮಾಸಿಗೆ ಎರಡು ಕಾಯಿ ಒಡಿಯೂಣು. ಈಗ ಖರೇ ಹೇಳ್ರಿ."

ನಾನು ಸೆರಗಿನ ಗಂಟು ಬಿಚ್ಚಿ ಅವರ ಹಣೆಗೆ ವಿಭೂತಿ ಹಚ್ಚಿದೆ. ಇವರು ಕಣ್ಣು ಮುಚ್ಚಿ ತೆರೆದು, ಡಾಕ್ಟರಮ್ಮನನ್ನು ಕರೆಸಿ ಇದ್ದದ್ದನ್ನು ಇದ್ದಂತೆ ಹೇಳಿದರು. ಆಕೆ ತಿದ್ದಿ ಬರೆಯುತ್ತಾ, "ಪಾಪ, ಬಾಗಲಾ ಬಚಾವಾತು," ಎಂದರು.

ಮುಂದೆ ವಿಮೆಯವರು ವಿಚಾರಿಸಿ ಹೋದರು, ಪರಿಹಾರವೂ ಬಂತು. ಮಷೀನಿನ ಬೆಲ್ಟಿಗೆ ಈಗ ಕಬ್ಬಿಣದ ಜಾಲರಿಯ ಮರೆಯಿದೆ. ಕೈಗೆ ಪಟ್ಟಿ ಕಟ್ಟಿದ್ದಷ್ಟು ಕಾಲವೂ ನಮ್ಮ ಒಲೆ ಆರಲಿಲ್ಲ. ದೇವರು ಬೆರಳ ತುದಿಯನ್ನಷ್ಟೇ ತೆಗೆದುಕೊಂಡು ಕೈ ಉಳಿಸಿಕೊಟ್ಟ ಅಂದುಕೊಳ್ಳುತ್ತೇನೆ.

ಪೆಟ್ಟಾದ ದಿನ ಸಂಜೆ ಮನೆಗೆ ಕರೆತಂದಾಗ ಇವರು ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು. ಎಡಗೈಯಿಂದ ಬಾಗಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಸುಳ್ಳ ನಿನ್ನ ಹೆಸರ ತಗೊಂಡ್ನೆಪಾ," ಎಂದರು ಮೆಲ್ಲಗೆ.

ಮೊರದ ಶೇಂಗಾದಲ್ಲಿ ಅಳಿಲು ಅರ್ಧ ತಿಂದು ಹೋಗಿತ್ತು. ಉಳಿದದ್ದನ್ನು ಕೇರಿ, ಉಪ್ಪು ಬೆಳ್ಳುಳ್ಳಿ ಹಾಕಿ ಕುಟ್ಟಲು ಕುಳಿತೆ.